ಇನ್ಸುಲಿನ್ ತಪ್ಪು ಡೋಸ್ ಹೋಯ್ತು, ಬರೆಯಬೇಡ ಅಂತಿದ್ದಾರೆ. ಏನು ಮಾಡಲಿ?

ನೈಟ್‌ಡ್ಯೂಟಿ_ಸಿಸ್ಟರ್ · ಭಾನುವಾರ, ರಾತ್ರಿ 9:10

ನಾನು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸೇರಿ ಒಂದೂವರೆ ವರ್ಷ ಆಯ್ತು. ಆಸ್ಪತ್ರೆ ಹೆಸರು ಕೇಳಬೇಡಿ.

ಕಳೆದ ಮಂಗಳವಾರ ನೈಟ್ ಡ್ಯೂಟಿ. ಮೆಡಿಕಲ್ ವಾರ್ಡಿನಲ್ಲಿ 28 ಜನ ರೋಗಿಗಳು, ಇದ್ದದ್ದು ನಾವಿಬ್ಬರು. 68 ವರ್ಷದ ಒಬ್ಬ ತಾತನಿಗೆ ರಾತ್ರಿ 10ಕ್ಕೆ ಗ್ಲಾರ್ಜಿನ್ ಇನ್ಸುಲಿನ್ 16 ಯೂನಿಟ್ ಕೊಡಬೇಕಿತ್ತು. ಮನೆಯಿಂದ ತಂದ ಇನ್ಸುಲಿನ್ ಪೆನ್ ಇತ್ತು, ಸೂಜಿ ಖಾಲಿ. ಕೆಳಗೆ ಮೆಡಿಕಲ್ಸ್‌ನಲ್ಲಿ ಪೆನ್ ಸೂಜಿ ಇಲ್ಲ, ಬೆಳಿಗ್ಗೆ ಬರುತ್ತೆ ಅಂದರು. ಡೋಸ್ ತಪ್ಪಬಾರದು ಅಂತ ವಾರ್ಡಿನ ಇನ್ಸುಲಿನ್ ಸಿರಿಂಜಿನಿಂದ ಪೆನ್ನಿನ ಕಾರ್ಟ್ರಿಜ್‌ನಿಂದಲೇ 16ರ ಗೆರೆವರೆಗೆ ಎಳೆದು ಕೊಟ್ಟೆ.

ಮೂರು ಗಂಟೆಗೆ ತಾತನ ಹೆಂಡತಿ ಓಡಿ ಬಂದರು. "ಇವರು ಯಾಕೋ ಬೆವರ್ತಾ ಇದ್ದಾರಮ್ಮ, ಮಾತು ತೊದಲ್ತಾ ಇದೆ" ಅಂದರು. ಶುಗರ್ ನೋಡಿದರೆ 46. ಡ್ಯೂಟಿ ಡಾಕ್ಟರನ್ನು ಕರೆದು 25ಡಿ (ಗ್ಲೂಕೋಸ್ ದ್ರಾವಣ) ಹಾಕಿದೆವು. ಹತ್ತು ನಿಮಿಷದಲ್ಲಿ ತಾತ ಎದ್ದು ಕೂತು ನೀರು ಕೇಳಿದರು.

ಬೆಳಿಗ್ಗೆ ಆರಕ್ಕೆ ಟ್ರೇ ಜೋಡಿಸುವಾಗ ಕಣ್ಣಿಗೆ ಬಿತ್ತು. ಪೆನ್ನಿನ ಮೇಲೆ ಎಂಎಲ್‌ಗೆ 100 ಯೂನಿಟ್ ಅಂತಿದೆ. ನಾನು ಬಳಸಿದ್ದು ಕೆಂಪು ಕ್ಯಾಪಿನ, ಎಂಎಲ್‌ಗೆ 40 ಯೂನಿಟ್ ಲೆಕ್ಕದ ಸಿರಿಂಜ್. ಕೈಕಾಲು ತಣ್ಣಗಾಯ್ತು.

ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆ. "ತಾತ ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಬರೀತೀಯ? ತಪ್ಪಿನ ಫಾರ್ಮ್ ಬರೆದರೆ ನಿನ್ನ ಮೇಲೇ ಬರುತ್ತೆ" ಅಂದರು. ಕೇಸ್ ಶೀಟಿನಲ್ಲಿ "ಶುಗರ್ ಇಳಿದಿತ್ತು, 25ಡಿ ಕೊಡಲಾಯಿತು" ಅಂತ ಮಾತ್ರ ಇದೆ. ಯಾಕೆ ಇಳಿಯಿತು ಅಂತ ಇಲ್ಲ. ತಾತ ಶುಕ್ರವಾರ ಮನೆಗೆ ಹೋದರು.

ಎರಡು ವರ್ಷದ ಬಾಂಡ್ ಇದೆ, ನನ್ನ ಒರಿಜಿನಲ್ ಸರ್ಟಿಫಿಕೇಟ್ ಅವರ ಹತ್ತಿರವೇ ಇದೆ. ಬರೆದರೆ ಕೆಲಸ ಹೋಗುತ್ತೆ ಅನ್ನೋ ಭಯ. ಬರೆಯದೆ ನಿದ್ದೆ ಬರುತ್ತಿಲ್ಲ. ಅದೇ ಸಿರಿಂಜ್, ಅದೇ ಟ್ರೇ ಈಗಲೂ ಅಲ್ಲೇ ಇದೆ. ನಾಳೆ ಇನ್ನೊಬ್ಬಳು ಇದನ್ನೇ ಮಾಡುತ್ತಾಳೆ ಅಲ್ವಾ?

---

ತುಂಗಭದ್ರಾ_ತೀರ · 9:24

ಬರೆಯಿರಿ ಸಿಸ್ಟರ್. ಇಂಥ ಇನ್‌ಚಾರ್ಜ್‌ಗಳಿಂದಲೇ ಜನ ಸಾಯೋದು.

ನಮ್ಮಪ್ಪ ಆಪರೇಷನ್ ಆದ ಮೂರನೇ ದಿನ ರಾತ್ರಿ ಮಂಚದಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. "ನಿಮ್ಮ ತಂದೆಯೇ ಇಳಿದು ಹೋಗಿ ಬಿದ್ದರು" ಅಂದರು. ಮಂಚದ ಪಕ್ಕದ ಕಂಬಿ ಏರಿಸಿರಲಿಲ್ಲ, ಅದು ಕೆಟ್ಟು ತಿಂಗಳಾಗಿತ್ತು ಅಂತ ಆಮೇಲೆ ಆಯಾ ಒಬ್ಬರು ನಮ್ಮಮ್ಮನ ಕಿವಿಯಲ್ಲಿ ಹೇಳಿದರು. ಯಾವ ಕಾಗದದಲ್ಲೂ ಅದಿಲ್ಲ. ಅಪ್ಪ ಮತ್ತೆ ನಡೆಯಲೇ ಇಲ್ಲ.

ಬಿದ್ದಿದ್ದಕ್ಕಿಂತ ಆ ಸುಳ್ಳು ನಮ್ಮನ್ನು ಜಾಸ್ತಿ ಸುಟ್ಟಿತು.

---

ಸ್ಟಾಫ್‌ರೂಮ್_ಮಾತು · 9:31

ಹೇಳುವುದು ಸುಲಭ. ನಾನೂ ನರ್ಸ್, 11 ವರ್ಷ ಆಯ್ತು. ನನ್ನ ಹಳೆಯ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ನಿಜ ಬರೆದಳು. ಮೆಮೊ ಕೊಟ್ಟು, ಮೂರು ದಿನದ ಸಂಬಳ ಹಿಡಿದು, ಎಲ್ಲರ ಮುಂದೆ ನಿಲ್ಲಿಸಿ ಬೈದರು. ಆಮೇಲೆ ಆ ವಾರ್ಡಿನಲ್ಲಿ ಒಂದು ಫಾರ್ಮೂ ಯಾರೂ ತುಂಬಲಿಲ್ಲ. ತಪ್ಪುಗಳು ನಿಂತವು ಅಂದುಕೊಂಡಿರಾ? ತಪ್ಪು ಆಗುತ್ತಲೇ ಇತ್ತು, ಕಾಗದದ ಮೇಲೆ ಬರಲಿಲ್ಲ ಅಷ್ಟೇ.

28 ರೋಗಿಗಳಿಗೆ ಇಬ್ಬರು. ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುತ್ತದೆ ನರ್ಸಿಂಗ್ ಕೌನ್ಸಿಲ್ ಲೆಕ್ಕ. ಬೇರೆ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ಇಲ್ಲಿ 14ಕ್ಕೆ ಒಬ್ಬರು. ಇದನ್ನು ಯಾವ ಫಾರ್ಮಿನಲ್ಲಿ ಬರೆಯಬೇಕು ಹೇಳಿ.

---

ಕ್ವಾಲಿಟಿ_ವಿಭಾಗ · 9:50

ಬೆಂಗಳೂರಿನ ಒಂದು ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಇಂಥ ಫಾರ್ಮುಗಳನ್ನು ಓದುವುದೇ ನನ್ನ ಕೆಲಸ.

ಮೊದಲು ಒಂದು ಮಾತು. ಇಂಥದ್ದನ್ನು ಎಷ್ಟೋ ಕಡೆ "ನಿಯರ್ ಮಿಸ್" ಅಂತ ಬರೆದು ಮುಗಿಸುತ್ತಾರೆ. ಹಾಗೆ ಬರೆಯಬೇಡಿ. ತಪ್ಪು ಸಿರಿಂಜ್ ಕೈಗೆ ತಗೊಂಡು, ಚುಚ್ಚುವ ಮುಂಚೆ ಗೊತ್ತಾಗಿದ್ದರೆ ಅದು ನಿಯರ್ ಮಿಸ್. ಇಲ್ಲಿ ಔಷಧಿ ರೋಗಿಗೆ ಹೋಗಿದೆ, ಅವರಿಗೆ ತೊಂದರೆಯೂ ಆಗಿದೆ. ಇದು ಮೆಡಿಕೇಶನ್ ಎರರ್. ಕೊನೆಗೆ ಸರಿಹೋದದ್ದು ತಾತನ ಹೆಂಡತಿ ಎಚ್ಚರ ಇದ್ದದ್ದರಿಂದ.

ಎರಡನೆಯದು, ನಿಮ್ಮ ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಇದ್ದರೆ ಇಂಥ ಘಟನೆ ದಾಖಲಿಸುವ, ಕಾರಣ ಹುಡುಕುವ ವ್ಯವಸ್ಥೆ ಇರಲೇಬೇಕು. ತಪಾಸಣೆಗೆ ಬಂದವರು ಆ ಫೈಲ್ ಕೇಳುತ್ತಾರೆ. ವರ್ಷಕ್ಕೆ ಎರಡೇ ಫಾರ್ಮ್ ಇರುವ 200 ಹಾಸಿಗೆಯ ಆಸ್ಪತ್ರೆ ನೋಡಿದರೆ ನನಗೆ ಭಯ ಆಗುತ್ತದೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಎರಡೇ ತಪ್ಪು ಆಗಿರಲು ಸಾಧ್ಯವೇ ಇಲ್ಲ.

ಬರೆಯುವಾಗ "ನಾನು ಗಮನಿಸಲಿಲ್ಲ, ಕ್ಷಮಿಸಿ" ಅಂತ ಬರೆಯಬೇಡಿ. ಆಗಿದ್ದನ್ನು ಆದ ಹಾಗೆ ಬರೆಯಿರಿ. ಪೆನ್ ಸೂಜಿ ಸ್ಟಾಕ್ ಇರಲಿಲ್ಲ, ಸಮಯ ಇಷ್ಟು, ರೋಗಿಗಳು ಇಷ್ಟು, ಟ್ರೇಯಲ್ಲಿ ಇದ್ದದ್ದು 40ರ ಸಿರಿಂಜ್ ಮಾತ್ರ, ಎರಡನೆಯವರು ನೋಡಿ ಖಚಿತಪಡಿಸುವ ಪದ್ಧತಿ ಇರಲಿಲ್ಲ. ಇಷ್ಟು ಬರೆದರೆ ಓದುವವರಿಗೆ ಎಲ್ಲೆಲ್ಲಿ ತೂತಿದೆ ಅಂತ ತಾನಾಗಿ ಕಾಣುತ್ತದೆ.

---

ತುಂಗಭದ್ರಾ_ತೀರ · 9:58

ಸರ್, ಅಂದರೆ ಯಾರದ್ದೂ ತಪ್ಪಿಲ್ಲ, ಎಲ್ಲ "ವ್ಯವಸ್ಥೆ"ದ್ದು ಅಂತಾನಾ? ನಮ್ಮಪ್ಪನ ವಿಷಯದಲ್ಲೂ ಹಾಗೇ ಹೇಳುತ್ತೀರಾ?

---

ಕ್ವಾಲಿಟಿ_ವಿಭಾಗ · 10:06

ಇಲ್ಲ ಅಣ್ಣ. ಕಂಬಿ ಕೆಟ್ಟಿದೆ ಅಂತ ಗೊತ್ತಿದ್ದೂ ತಿಂಗಳು ಬಿಟ್ಟವರು ಜವಾಬ್ದಾರರು. ಆಮೇಲೆ ಸುಳ್ಳು ಹೇಳಿದವರು ಇನ್ನೂ ಜಾಸ್ತಿ. ಆದರೆ ರಾತ್ರಿ ಹತ್ತಕ್ಕೆ ಸೂಜಿ ಸಿಗದೆ, ರೋಗಿಗೆ ಡೋಸ್ ತಪ್ಪಬಾರದು ಅಂತ ಕೈಗೆ ಸಿಕ್ಕಿದ ಸಿರಿಂಜ್ ತಗೊಂಡ ಹುಡುಗಿ ಆ ಸಾಲಿನವಳಲ್ಲ. ಇಬ್ಬರಿಗೂ ಒಂದೇ ಶಿಕ್ಷೆ ಅಂದರೆ ಪ್ರಾಮಾಣಿಕರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ನಿಮ್ಮಪ್ಪನಂಥವರ ವಿಷಯ ಆಯಾ ಕಿವಿಯಲ್ಲಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

---

ಫಾರ್ಮಾ_ಹುಬ್ಬಳ್ಳಿ · 10:15

ಹೌದ್ರೀ, ಈ ಸಿರಿಂಜಿನ ಗೊಂದಲ ನಾನು ಕೌಂಟರಿನಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ.

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಗಟ್ಟಿತನದಲ್ಲಿ ಬರುತ್ತದೆ. ಮಾಮೂಲಿ ಬಾಟಲಿ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್. ಪೆನ್ ಕಾರ್ಟ್ರಿಜ್ ಎಂಎಲ್‌ಗೆ 100. 40ರ ಸಿರಿಂಜಿಗೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ ಕ್ಯಾಪ್. ಕೆಂಪು ಸಿರಿಂಜಿನಲ್ಲಿ 16ರ ಗೆರೆ ಅಂದರೆ 0.4 ಎಂಎಲ್. ಅದರಲ್ಲಿ 100ರ ಇನ್ಸುಲಿನ್ ತುಂಬಿದರೆ 40 ಯೂನಿಟ್. ಎರಡೂವರೆ ಪಟ್ಟು. ತಾತನಿಗೆ ಹೋಗಿದ್ದು 16 ಅಲ್ಲ, 40.

ಉಲ್ಟಾ ಆದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿದರೆ, 10 ಅಂದುಕೊಂಡದ್ದು ಬರೀ 4 ಯೂನಿಟ್ ಆಗುತ್ತದೆ. "ಎಷ್ಟು ಇನ್ಸುಲಿನ್ ತಗೊಂಡರೂ ಶುಗರ್ ಇಳೀವಲ್ದು" ಅಂತ ಬರುವವರ ಚೀಲ ತೆಗೆಸಿ ನೋಡಿ, ಕೆಲವರದ್ದು ಇದೇ ಇರುತ್ತದೆ.

ಇನ್ನೊಂದು. ಚೀಟಿಯಲ್ಲಿ ಯೂನಿಟ್ ಅನ್ನುವುದನ್ನು ಇಂಗ್ಲಿಷಿನ ಯು ಅಕ್ಷರ ಒಂದೇ ಬರೆಯುತ್ತಾರೆ. ಅವಸರದಲ್ಲಿ ಅದು ಸೊನ್ನೆ ಥರ ಕಾಣುತ್ತದೆ. 10ರ ಮುಂದೆ ಯು ಬರೆದರೆ 100. ಡಾಕ್ಟರುಗಳು ದಯವಿಟ್ಟು ಪೂರ್ತಿ ಬರೆಯಿರಿ.

---

ಡಾ_ಹೊಳೆದಂಡೆ · 10:22

ಸಿಸ್ಟರ್, ಫಾರ್ಮಿನ ಚರ್ಚೆ ಆಮೇಲೆ ಇಟ್ಟುಕೊಳ್ಳೋಣ. ನನಗೆ ಒಂದೇ ಪ್ರಶ್ನೆ. ಬುಧವಾರದಿಂದ ತಾತನ ಗ್ಲಾರ್ಜಿನ್ ಡೋಸ್ ಎಷ್ಟು ಮಾಡಿದರು? ಮನೆಗೆ ಕಳಿಸುವಾಗ ಎಷ್ಟು ಬರೆದಿದ್ದಾರೆ?

---

ನೈಟ್‌ಡ್ಯೂಟಿ_ಸಿಸ್ಟರ್ · 10:30

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ "16ಕ್ಕೇ ಇಷ್ಟು ಇಳಿದಿದೆ, ಜಾಸ್ತಿ ಆಯ್ತು" ಅಂತ 10ಕ್ಕೆ ಇಳಿಸಿದರು. ಡಿಸ್ಚಾರ್ಜ್ ಕಾರ್ಡಿನಲ್ಲೂ 10 ಅಂತಲೇ ಇದೆ.

---

ಡಾ_ಹೊಳೆದಂಡೆ · 10:41

ಇದೇ ನನ್ನ ಭಯ ಆಗಿತ್ತು.

ನೋಡಿ ಏನಾಗಿದೆ ಅಂತ. ಡಾಕ್ಟರ ಲೆಕ್ಕದಲ್ಲಿ ತಾತನಿಗೆ 16 ಯೂನಿಟ್ ತಡೆಯಲಿಲ್ಲ. ನಿಜವಾಗಿ ತಡೆಯದೇ ಇದ್ದದ್ದು 40. ಅವರಿಗೆ 16 ಸರಿಯಾಗೇ ಇತ್ತೋ ಏನೋ. ಈಗ ಸುಳ್ಳು ಲೆಕ್ಕದ ಮೇಲೆ 10 ತಗೊಂಡು ಮನೆಯಲ್ಲಿದ್ದಾರೆ. ಕೆಲವು ದಿನದಲ್ಲಿ ಶುಗರ್ 300 ದಾಟಬಹುದು. ಕಾಲಲ್ಲಿ ಗಾಯ ಇದ್ದರೆ ಅದು ವಾಸಿಯಾಗಲ್ಲ. ಮುಂದಿನ ಸಲ ಯಾವ ಡಾಕ್ಟರ್ ಆ ಕಾರ್ಡ್ ನೋಡಿದರೂ "ಇವರಿಗೆ 16ಕ್ಕೆ ಶುಗರ್ ಇಳಿದಿತ್ತು" ಅಂತ ಓದಿ ಹೆದರುತ್ತಾರೆ. ಆ ಸಾಲು ಅವರ ಬೆನ್ನು ಬಿಡುವುದೇ ಇಲ್ಲ.

ಇನ್ನೊಂದು ಗಮನಿಸಿ. ಗ್ಲಾರ್ಜಿನ್ ಸುಮಾರು 24 ಗಂಟೆ ಕೆಲಸ ಮಾಡುತ್ತದೆ. ಮೂರು ಗಂಟೆಗೆ 25ಡಿ ಕೊಟ್ಟು ಎದ್ದು ಕೂತರು ಅಂದರೆ ಮುಗಿಯಲಿಲ್ಲ. 40 ಹೋಗಿದೆ ಅಂತ ಗೊತ್ತಿದ್ದರೆ ಬುಧವಾರ ಇಡೀ ದಿನ ಗಂಟೆಗೊಮ್ಮೆ ಶುಗರ್ ನೋಡಿಸುತ್ತಿದ್ದರು, ಡ್ರಿಪ್ ಹಾಕುತ್ತಿದ್ದರು. ಆ ದಿನ ತಾತ ಪಾರಾದದ್ದು ಅದೃಷ್ಟ.

ಫಾರ್ಮ್ ಬರೆಯಿರಿ, ಬಿಡಿ, ಅದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಆದರೆ ಆ ಡಾಕ್ಟರಿಗೆ ನಾಳೆ ಬೆಳಿಗ್ಗೆ ಹೇಳಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

---

ಸ್ಟಾಫ್‌ರೂಮ್_ಮಾತು · 10:49

ಡಾಕ್ಟರ್ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ನಾನು ಮೆಮೊ, ಸಂಬಳದ ಬಗ್ಗೆಯೇ ಯೋಚಿಸುತ್ತಿದ್ದೆ. ಹೌದು, ಹೇಳಲೇಬೇಕು.

---

ನೈಟ್‌ಡ್ಯೂಟಿ_ಸಿಸ್ಟರ್ · 10:52

ನನಗೂ ಹೊಳೆದಿರಲಿಲ್ಲ. ತಾತ ಮನೆಗೆ ಹೋದರು, ಬದುಕಿದೆ ಅಂದುಕೊಂಡಿದ್ದೆ. ನಾಳೆ ಡ್ಯೂಟಿ ಇದೆ, ಹೇಳುತ್ತೇನೆ.

---

ಕಪ್ಪುಕೋಟು · 11:05

ವಕೀಲನಾಗಿ ನಾಲ್ಕು ಮಾತು, ಹೆದರಿಕೆ ಕಡಿಮೆಯಾಗಲಿ ಅಂತ.

1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದುಡ್ಡು ಕೊಟ್ಟು ಪಡೆವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನ ಕೆಳಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಕ್ರಿಮಿನಲ್ ಕೇಸಿಗೆ ಬೇರೆ ಅಳತೆ ಇಟ್ಟಿತು. ಬರೀ ಕೈತಪ್ಪು ಸಾಲದು, ತೀರಾ ದೊಡ್ಡ ನಿರ್ಲಕ್ಷ್ಯ ಇರಬೇಕು, ಅದಕ್ಕೂ ಮುಂಚೆ ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಅಂತ. ನಿಮ್ಮ ವಿಷಯದಲ್ಲಿ ರೋಗಿ ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ. ಜೈಲಿನ ಯೋಚನೆ ಬಿಡಿ.

ಆದರೆ ಒಂದು ಅನ್ಯಾಯ ಹೇಳಲೇಬೇಕು. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ, ನೋಂದಾಯಿತ ವೈದ್ಯರಿಗೆ ಚಿಕಿತ್ಸೆಯಲ್ಲಿ ಆದರೆ 2 ವರ್ಷದವರೆಗೆ. ಆ ರಿಯಾಯಿತಿಯಲ್ಲಿ ನರ್ಸುಗಳ ಹೆಸರಿಲ್ಲ. ಡಾಕ್ಟರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುವವರು ಇವರು.

ಕೋರ್ಟಿನಲ್ಲಿ ಆಸ್ಪತ್ರೆಯನ್ನು ಮುಳುಗಿಸುವುದು ಬಹಳ ಸಲ ತಪ್ಪಲ್ಲ, ತಿದ್ದಿದ ಕೇಸ್ ಶೀಟ್. ಇನ್ನು ನಿಮ್ಮ ಒರಿಜಿನಲ್ ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

---

ಪ್ಯಾಸೆಂಜರ್_1956 · 11:20

ಜೈಲಿನ ಯೋಚನೆ ಬಿಡಿ ಅಂತ ಅಷ್ಟು ಸುಲಭವಾಗಿ ಹೇಳಬೇಡಿ ಸರ್. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಏನಾಯ್ತು? 2017ರ ಡಿಸೆಂಬರಿನಲ್ಲಿ ಒಬ್ಬ ನರ್ಸ್ ನಿದ್ದೆ ಬರಿಸುವ ಮಿಡಾಜೋಲಾಮ್ ಬದಲು ವೆಕ್ಯುರೋನಿಯಮ್ ಕೊಟ್ಟಳು, ಅದು ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವ ಔಷಧಿ. ಔಷಧಿ ಕಪಾಟಿನ ಯಂತ್ರದಲ್ಲಿ ಬ್ರ್ಯಾಂಡ್ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದಳು, ಯಂತ್ರ ಬೇರೆ ಹೆಸರು ತೋರಿಸಿತು. ರೋಗಿ ಸತ್ತರು. ಅವಳು ತಪ್ಪನ್ನು ಆಗಲೇ ಒಪ್ಪಿಕೊಂಡಳು. ಆದರೂ 2022ರಲ್ಲಿ ಅಪರಾಧಿ ಅಂತ ತೀರ್ಪಾಯಿತು, 3 ವರ್ಷ ಪ್ರೊಬೇಷನ್ (ಜೈಲಿನ ಬದಲು ನಿಗಾ). ಲೈಸೆನ್ಸ್ ಹೋಯಿತು. ಒಪ್ಪಿಕೊಂಡವರಿಗೆ ಸಿಕ್ಕಿದ್ದು ಇದು.

---

ಕಪ್ಪುಕೋಟು · 11:28

ಅದು ನಿಜ. ಆ ತೀರ್ಪಿನ ಮೇಲೆ ಅಲ್ಲಿನ ನರ್ಸುಗಳು ಬೀದಿಗಿಳಿದರು. ಆದರೆ ಅದೇ ಪ್ರಕರಣದಲ್ಲಿ ಆಸ್ಪತ್ರೆ ಆ ಸಾವಿನ ನಿಜ ಕಾರಣವನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟಿತ್ತು. ಒಪ್ಪಿಕೊಂಡದ್ದು ನರ್ಸ್, ಮುಚ್ಚಿದ್ದು ಆಡಳಿತ, ಕಟಕಟೆಯಲ್ಲಿ ನಿಂತದ್ದು ನರ್ಸ್. ನಾವು ಕಲಿಯಬೇಕಾದದ್ದು ಮುಚ್ಚಿಡುವುದನ್ನಲ್ಲ.

ಅಮೆರಿಕದಲ್ಲಿ ಇಂಥ ವರದಿಗಳಿಗೆ ರಕ್ಷಣೆ ಕೊಡುವ 2005ರ ಒಂದು ಕಾಯ್ದೆ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಬೇಕು ಅಂತ ಕೇಳಬೇಕಾದವರು ನರ್ಸುಗಳ ಸಂಘಗಳು.

---

ಲೀಡ್ಸ್_ಕನ್ನಡತಿ · ಸೋಮವಾರ, ಬೆಳಗಿನ ಜಾವ 3:40

ಇಲ್ಲಿ ರಾತ್ರಿ ಹನ್ನೊಂದು, ಮಲಗುವ ಮುಂಚೆ ಓದಿದೆ. ದಾವಣಗೆರೆಯಲ್ಲಿ ಓದಿ, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನರ್ಸ್.

ಬಂದ ಹೊಸದರಲ್ಲಿ ನಾನೂ ಒಂದು ಆಂಟಿಬಯೋಟಿಕ್ ಎರಡು ಸಲ ಕೊಟ್ಟೆ. ಅಳುತ್ತಾ ವಾರ್ಡ್ ಮ್ಯಾನೇಜರ್ ಹತ್ತಿರ ಹೋದೆ, ಮೆಮೊ ಕೊಡುತ್ತಾರೆ ಅಂತ. ಅವರು ಟೀ ಮಾಡಿ ಕೊಟ್ಟು, "ಮೊದಲು ರೋಗಿಗೆ ಹೇಳೋಣ ಬಾ" ಅಂದರು. ಇಬ್ಬರೂ ಹೋಗಿ ಹೇಳಿದೆವು. ಆ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಊರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ರೋಗಿಗೆ ಹೋಗಿ ಹೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಇಲ್ಲಿ ಅದು ಒಳ್ಳೆಯತನದ ವಿಷಯ ಅಲ್ಲ, 2014ರಿಂದ ಕಾನೂನು. ಗಂಭೀರ ಹಾನಿ ಆದರೆ ರೋಗಿಗೆ ನಿಜ ಹೇಳಿ ಕ್ಷಮೆ ಕೇಳಲೇಬೇಕು. ಸುಮ್ಮನೆ ಬಂದದ್ದೂ ಅಲ್ಲ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳು ವರ್ಷಗಟ್ಟಲೆ ನರಳಿದ್ದು, ದೂರು ಕೊಟ್ಟವರ ಬಾಯಿ ಮುಚ್ಚಿಸಿದ್ದು ಎಲ್ಲ 2013ರ ವಿಚಾರಣಾ ವರದಿಯಲ್ಲಿ ಬಂದ ಮೇಲೆ ಬಂದ ಕಾನೂನು.

2001ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಹುಡುಗನಿಗೆ ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬೆನ್ನುಹುರಿಗೆ ಹೋಯಿತು. ಹುಡುಗ ಉಳಿಯಲಿಲ್ಲ. ಒಬ್ಬ ಡಾಕ್ಟರ್ ಜೈಲಿಗೂ ಹೋದರು. ಆದರೆ ಜೈಲಿನಿಂದ ಮುಂದಿನ ತಪ್ಪು ನಿಲ್ಲಲ್ಲ ಅಂತ ಗೊತ್ತಾಗಿ, ಈಗ ಬೆನ್ನಿಗೆ ಚುಚ್ಚುವ ಸೂಜಿಯಲ್ಲಿ ಸಿರಿಂಜ್ ಕೂರುವ ಜಾಗದ ಆಕಾರವನ್ನೇ ಬದಲಿಸಿದ್ದಾರೆ. ಮಾಮೂಲಿ ಸಿರಿಂಜ್ ಅದಕ್ಕೆ ಕೂರುವುದೇ ಇಲ್ಲ. ಎಷ್ಟು ಸುಸ್ತಾಗಿದ್ದರೂ ಆ ತಪ್ಪು ಮಾಡಲು ಆಗಲ್ಲ.

---

ಬಯೋಮೆಡ್_ತುಮಕೂರು · ಬೆಳಿಗ್ಗೆ 7:15

ಲೀಡ್ಸ್ ಅಕ್ಕ ಹೇಳಿದ್ದೇ ನನ್ನ ಮಾತು. ನಾನು ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವವನು.

ಸಣ್ಣ ಆಕ್ಸಿಜನ್ ಸಿಲಿಂಡರ್ ನೋಡಿದ್ದೀರಲ್ಲ? ಮೈ ಕಪ್ಪು, ಭುಜ ಬಿಳಿ. ನೈಟ್ರಸ್ ಆಕ್ಸೈಡ್ ನೀಲಿ. ಆದರೆ ಬಣ್ಣವನ್ನು ಮಾತ್ರ ನಂಬಿಲ್ಲ. ಅನಸ್ತೇಶಿಯಾ ಯಂತ್ರದ ಕೊಂಡಿಯಲ್ಲಿ ಎರಡು ಪಿನ್ ಇರುತ್ತವೆ. ಆಕ್ಸಿಜನ್‌ಗೆ ಅವು 2 ಮತ್ತು 5ನೇ ಜಾಗದಲ್ಲಿ, ನೈಟ್ರಸ್‌ಗೆ 3 ಮತ್ತು 5ರಲ್ಲಿ. ಕತ್ತಲಲ್ಲೂ, ಓದು ಬರದವನಿಂದಲೂ ತಪ್ಪು ಸಿಲಿಂಡರ್ ಕೂರಲ್ಲ. ಪಿನ್ ಕಿತ್ತು ಹಾಕಿ ಕೂರಿಸಿದವರನ್ನೂ ನಾನು ನೋಡಿದ್ದೇನೆ, ಅದು ಬೇರೆ ಕಥೆ. ಅಂಥವರಿಗೆ ಮೆಮೊ ಕೊಡಬೇಕು.

ಇನ್ಸುಲಿನ್ ಸಿರಿಂಜಿಗೆ ಇರುವುದು ಬರೀ ಬಣ್ಣ. ರಾತ್ರಿ ಹತ್ತಕ್ಕೆ, ಮಂದ ಟ್ಯೂಬ್‌ಲೈಟಿನ ಕೆಳಗೆ ಕೆಂಪು ಯಾವುದು ಕಿತ್ತಳೆ ಯಾವುದು? ಅದೂ ಕ್ಯಾಪ್ ತೆಗೆದು ಬಿಸಾಕಿದ ಮೇಲೆ?

---

ಪ್ಯಾಸೆಂಜರ್_1956 · 7:40

ಆಕ್ಸಿಜನ್ ಅಂದಾಗ ಚಾಮರಾಜನಗರ ನೆನಪಾಯ್ತು. 2021ರ ಮೇ 2ರ ರಾತ್ರಿ. ಪಿನ್ ಸರಿಯಾಗಿತ್ತು, ಸಿಲಿಂಡರೇ ಇರಲಿಲ್ಲ. 24 ಜನ ಸತ್ತರು ಅಂತ ಬೆಳಿಗ್ಗೆ ಸುದ್ದಿ. ಎಷ್ಟು ಗಂಟೆಗೆ ಎಷ್ಟು ಉಳಿದಿದೆ ಅಂತ ನೋಡಿ ಕೂಗಬೇಕಾದವರು ಯಾರು, ಕೂಗಿದರೆ ಕೇಳಬೇಕಾದವರು ಯಾರು?

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಬಾಟಲಿ ಮೇಲೆ ಅನುಮಾನ ಬಂದು ರಿಂಗರ್ ಲ್ಯಾಕ್ಟೇಟ್ ನಿಲ್ಲಿಸಿದರು. ಅಲ್ಲಿ ನರ್ಸ್ ಏನು ಮಾಡಬೇಕಿತ್ತು? ಬಾಟಲಿಯ ಒಳಗೆ ಏನಿದೆ ಅಂತ ಅವಳಿಗೆ ಕಾಣುತ್ತಾ?

---

ಫಾರ್ಮಾ_ಹುಬ್ಬಳ್ಳಿ · 7:58

ಕಾಣಲ್ರೀ. ಆದರೆ "ಡ್ರಿಪ್ ಹಾಕಿದ ಮೇಲೆ ಚಳಿ ನಡುಕ ಬಂತು, ಬಾಟಲಿ ಬ್ಯಾಚ್ ನಂಬರ್ ಇದು" ಅಂತ ಮೊದಲನೇ ದಿನವೇ ಒಂದು ಸಾಲು ಬರೆಯಬಹುದು. ಎರಡು ಕಡೆಯಿಂದ ಒಂದೇ ಬ್ಯಾಚ್ ಬಂದರೆ ಯಾರಿಗಾದರೂ ಎಚ್ಚರ ಆಗುತ್ತದೆ. ಅದಕ್ಕೇ 2010ರಿಂದ ಕೇಂದ್ರ ಸರ್ಕಾರದ ಔಷಧ ನಿಗಾ ಕಾರ್ಯಕ್ರಮ ಇದೆ, 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ನರ್ಸೂ ಮಾಡಬಹುದು, ರೋಗಿಯೂ ಮಾಡಬಹುದು. ನನ್ನ ಕೌಂಟರಿಗೆ ಬರುವವರಲ್ಲಿ ಇದು ಗೊತ್ತಿರುವವರು ಬೆರಳೆಣಿಕೆ.

---

ಓಟಿ_ಟೆಕ್ನಿಷಿಯನ್ · 8:20

ಎಲ್ಲರೂ ಕಾಗದ ಬರೆಯಿರಿ ಅಂತೀರಿ. ಕಾಗದದ ಕಥೆ ನಾನು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್ 2008ರಲ್ಲಿ ಬಂತು. 19 ಸಾಲು. ಅರಿವಳಿಕೆ ಕೊಡುವ ಮುಂಚೆ, ಕೊಯ್ಯುವ ಮುಂಚೆ, ರೋಗಿ ಹೊರಗೆ ಹೋಗುವ ಮುಂಚೆ ಮೂರು ಸಲ ನಿಂತು ಗಟ್ಟಿಯಾಗಿ ಓದಬೇಕು. ದೆಹಲಿ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಅಷ್ಟು ಒಳ್ಳೆಯ ಕಾಗದ.

ನಾನು ಮೊದಲು ಇದ್ದ ಕಡೆ ಏನು ಮಾಡುತ್ತಿದ್ದರು ಗೊತ್ತಾ? ಸಂಜೆ ಆರಕ್ಕೆ ಎಲ್ಲ ಕೇಸ್ ಮುಗಿದ ಮೇಲೆ ಒಬ್ಬ ಕೂತು ಎಂಟೂ ರೋಗಿಗಳ ಹಾಳೆಗೆ ಟಿಕ್ ಹಾಕುತ್ತಿದ್ದ. ಒಂದೇ ಪೆನ್ನು, ಒಂದೇ ಕೈಬರಹ. ಈಗಿರುವ ಕಡೆ ಸರ್ಜನ್ ಚಾಕು ಕೈಗೆ ತಗೊಳ್ಳುವ ಮುಂಚೆ "ಎಲ್ಲರೂ ನಿಲ್ಲಿ, ಹೆಸರು ಓದಿ" ಅನ್ನುತ್ತಾರೆ. ಕಾಗದ ಅದೇ. ಎಡಗಾಲು ಅಂತ ಬರೆದು ಬಲಗಾಲಿಗೆ ಬಟ್ಟೆ ಹೊದಿಸಿದ್ದನ್ನು ಒಬ್ಬ ಟ್ರೈನಿ ಹುಡುಗಿ ಹಾಗೆ ಓದುವಾಗಲೇ ಹಿಡಿದಳು. ಸರ್ಜನ್ ಅವಳಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಿದರು.

---

ಮಂಡ್ಯದ_ಮಗಳು · 9:05

ನಾನು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ನಮ್ಮತ್ತೆ ಹೆಸರು ಲಕ್ಷ್ಮಮ್ಮ. ಪಕ್ಕದ ಮಂಚದವರೂ ಲಕ್ಷ್ಮಮ್ಮ, ಎದುರಿಗೆ ಲಕ್ಷ್ಮೀದೇವಮ್ಮ. "ಲಕ್ಷ್ಮಮ್ಮ ನೀವೇನಾ?" ಅಂತ ಸಿಸ್ಟರ್ ಕೇಳಿದರೆ ನಮ್ಮತ್ತೆ ಕಿವಿ ಕೇಳದಿದ್ದರೂ ಹೂಂ ಅಂತಾರೆ. ಹಾಗೆ ಒಂದು ಸಲ ಪಕ್ಕದವರ ಎಕ್ಸರೇಗೆ ಇವರನ್ನು ವೀಲ್‌ಚೇರಲ್ಲಿ ಕರೆದುಕೊಂಡು ಹೋದರು. ಎಕ್ಸರೇ ಆದ್ದರಿಂದ ಸರಿ, ರಕ್ತದ ಬಾಟಲಿ ಆಗಿದ್ದರೆ?

---

ಕ್ವಾಲಿಟಿ_ವಿಭಾಗ · 9:30

ಅಕ್ಕ, ತಪ್ಪು ಗುಂಪಿನ ರಕ್ತ ಹೋಗುವುದರ ಹಿಂದೆ ಬಹಳ ಸಲ ಇರುವುದು ಇದೇ. ಲ್ಯಾಬ್ ಸರಿಯಾಗಿರುತ್ತದೆ, ಮಂಚದ ಹತ್ತಿರ ಆಳು ಅದಲುಬದಲು. ಅದಕ್ಕೇ "ನೀವೇನಾ" ಅಂತ ಕೇಳಬಾರದು. "ನಿಮ್ಮ ಹೆಸರೇನಮ್ಮ, ಯಾವ ಊರು" ಅಂತ ಅವರ ಬಾಯಿಂದ ಬರಿಸಬೇಕು. ಜೊತೆಗೆ ಕೈಪಟ್ಟಿಯ ನಂಬರ್ ನೋಡಬೇಕು. ಮಂಚದ ನಂಬರ್ ಲೆಕ್ಕಕ್ಕಿಲ್ಲ, ರೋಗಿಗಳನ್ನು ಮಂಚ ಬದಲಿಸುತ್ತಿರುತ್ತಾರೆ. ಮನೆಯವರು ಪಕ್ಕದಲ್ಲಿದ್ದರೆ "ಇದು ಯಾವುದಕ್ಕೆ, ಯಾರಿಗೆ" ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಸಿಸ್ಟರ್ ಇರಬಹುದು, ಆದರೂ ಕೇಳಿ.

---

ಹಳೇ_ಇನ್‌ಚಾರ್ಜ್ · ಮಧ್ಯಾಹ್ನ 2:10

ಇಪ್ಪತ್ತಾರು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಿಯಾದೆ. ಅದರಲ್ಲಿ ಹದಿನಾಲ್ಕು ವರ್ಷ ವಾರ್ಡ್ ಇನ್‌ಚಾರ್ಜ್.

ಆ ಇನ್‌ಚಾರ್ಜ್ ಹೇಳಿದ ಮಾತನ್ನು ನಾನೂ ಹೇಳಿದ್ದೇನೆ. ಒಂದು ಸಲ ಅಲ್ಲ. ಯಾಕೆ ಅಂದರೆ, ಫಾರ್ಮ್ ಹೋದ ಮರುದಿನ ಆಡಳಿತದವರು ಮೊದಲು ಕರೆಯುವುದು ನಮ್ಮನ್ನು. "ನಿನ್ನ ವಾರ್ಡಿನಲ್ಲೇ ಯಾಕೆ ಜಾಸ್ತಿ" ಅಂತಾರೆ. ಹುಡುಗಿಯನ್ನು ಉಳಿಸುತ್ತಿದ್ದೇನೆ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಹಾಗೆ ನಾನು ಬರೆಸದೆ ಬಿಟ್ಟ ಒಂದು ವಿಷಯ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್, ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲುವಂಥದ್ದು. ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ಪಕ್ಕದಲ್ಲೇ ಇರುತ್ತಿತ್ತು, ಒಬ್ಬಳು ತಪ್ಪಿ ಕೈಗೆ ತಗೊಂಡು ಕೊನೆ ಕ್ಷಣದಲ್ಲಿ ನೋಡಿದಳು. "ಸರಿ ಹೋಗು, ಇನ್ನು ಮೇಲೆ ನೋಡಿಕೋ" ಅಂದೆ. ಆಂಪ್ಯೂಲ್ ಜಾಗ ಬದಲಿಸಲಿಲ್ಲ. ಎಂಟು ತಿಂಗಳ ಮೇಲೆ ಇನ್ನೊಬ್ಬಳು ಕೊನೆ ಕ್ಷಣದಲ್ಲಿ ನೋಡಲಿಲ್ಲ.

ಮಗಳೇ, ಬರೆ. ನಿನ್ನ ಇನ್‌ಚಾರ್ಜ್ ಕೆಟ್ಟವಳಲ್ಲ ಇರಬಹುದು, ಆದರೂ ಬರೆ.

---

ತುಂಗಭದ್ರಾ_ತೀರ · 2:25

ಅಮ್ಮಾ, ಇದನ್ನು ಹೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ನಮ್ಮಪ್ಪನ ವಾರ್ಡಿನಿಂದ ಯಾರಾದರೂ ಹೀಗೆ ಬಂದು ಹೇಳಿದ್ದರೆ ನಾನು ಜಗಳ ಮಾಡುತ್ತಿರಲಿಲ್ಲ.

---

ನೈಟ್‌ಡ್ಯೂಟಿ_ಸಿಸ್ಟರ್ · ಮಂಗಳವಾರ, ರಾತ್ರಿ 8:45

ನಿನ್ನೆ ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೆಂಪು ಕ್ಯಾಪ್, ಪೆನ್ನು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ. ಮೊದಲು ಸುಮ್ಮನಿದ್ದರು. ಆಮೇಲೆ "ಮೊದಲೇ ಹೇಳಬೇಕಿತ್ತು" ಅಂದರು, ಸಿಟ್ಟಿತ್ತು. ನನ್ನ ಎದುರಿಗೇ ತಾತನ ಮನೆಗೆ ಫೋನ್ ಮಾಡಿದರು. ಭಾನುವಾರ ಖಾಲಿ ಹೊಟ್ಟೆ ಶುಗರ್ 248 ಇತ್ತಂತೆ. ಇವತ್ತು ಕರೆಸಿ ನೋಡಿ, ಡೋಸ್ ಮತ್ತೆ 16 ಮಾಡಿದ್ದಾರೆ. ಡಿಸ್ಚಾರ್ಜ್ ಕಾರ್ಡ್ ತಿದ್ದಿ ಕಾರಣ ಬರೆದು ಸಹಿ ಹಾಕಿದ್ದಾರೆ.

ತಾತನ ಹೆಂಡತಿಗೆ ನಾನೇ ಹೇಳಿದೆ, ನನ್ನ ಕೈಯಿಂದ ಆದದ್ದು ಅಂತ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಹೋಗುವಾಗ "ಆವತ್ತು ರಾತ್ರಿ ಓಡಿ ಬಂದಿದ್ದೂ ನೀನೇ ಅಲ್ವಾ" ಅಂದರು ಅಷ್ಟೇ.

ಫಾರ್ಮ್ ಕೊಟ್ಟೆ. ಕ್ವಾಲಿಟಿ ಸರ್ ಹೇಳಿದ ಹಾಗೆ ಆಗಿದ್ದನ್ನು ಆದ ಹಾಗೆ ಬರೆದೆ, ಇಬ್ಬರಿಗೆ 28 ರೋಗಿಗಳು ಅನ್ನುವುದನ್ನೂ ಬರೆದೆ. ಇನ್‌ಚಾರ್ಜ್ ಮಾತಾಡುತ್ತಿಲ್ಲ. ಗುರುವಾರ ನರ್ಸಿಂಗ್ ಸೂಪರಿಂಟೆಂಡೆಂಟ್ ಕರೆದಿದ್ದಾರೆ. ಏನಾಗುತ್ತೋ ಗೊತ್ತಿಲ್ಲ. ಆದರೆ ವಾರ್ಡಿನಲ್ಲಿ ಪೆನ್ ಸೂಜಿಯ ಒಂದು ಡಬ್ಬಿ ಇವತ್ತು ಬಂತು.

---

ಡಾ_ಹೊಳೆದಂಡೆ · 9:02

ಗುರುವಾರ ಒಬ್ಬಳೇ ಹೋಗಬೇಡಿ. ಆ ಡಾಕ್ಟರನ್ನೂ ಬರಲು ಕೇಳಿ. ಅವರು ಬರುತ್ತಾರೆ ಅಂತ ನನಗನ್ನಿಸುತ್ತದೆ.

---

ಮಂಡ್ಯದ_ಮಗಳು · 9:20

ಸಿಸ್ಟರ್, ನಿಮ್ಮ ಪೋಸ್ಟ್ ಓದಿ ಎದ್ದು ಹೋಗಿ ನಮ್ಮತ್ತೆಯ ಫ್ರಿಜ್ ನೋಡಿದೆ. ಬಾಟಲಿ ಮೇಲೆ 40 ಅಂತಿದೆ. ಸಿರಿಂಜ್ ಕ್ಯಾಪ್ ಕಿತ್ತಳೆ. ಆರು ತಿಂಗಳಿಂದ ಹೀಗೇ ಕೊಡುತ್ತಿದ್ದೇನೆ. ಚೀಟಿಯಲ್ಲಿ 20 ಅಂತಿದೆ. ಈಗ ಕೆಂಪು ಸಿರಿಂಜ್ ತಂದು 20 ಕೊಡಲಾ?

---

ಫಾರ್ಮಾ_ಹುಬ್ಬಳ್ಳಿ · 9:23

ಬ್ಯಾಡ್ರಿ, ತಕ್ಷಣ ಬದಲಿಸಬೇಡಿ! ಇಷ್ಟು ದಿನ ಹೋಗಿದ್ದು 8 ಯೂನಿಟ್. ಆ ಎಂಟರ ಮೇಲೆಯೇ ಡಾಕ್ಟರ್ ಡೋಸ್ ಏರಿಸುತ್ತಾ 20ಕ್ಕೆ ತಂದಿರಬಹುದು. ದಿಢೀರ್ ಅಂತ ಪೂರ್ತಿ 20 ಹೋದರೆ ಶುಗರ್ ಇಳಿದುಬಿಡುತ್ತದೆ.

---

ಡಾ_ಹೊಳೆದಂಡೆ · 9:26

ಸರಿಯಾಗಿ ಹೇಳಿದರು. ಇವತ್ತು ರಾತ್ರಿ ಏನೂ ಬದಲಿಸಬೇಡಿ, ಇಷ್ಟು ದಿನ ಕೊಟ್ಟ ಹಾಗೇ ಕೊಡಿ. ಬೆಳಿಗ್ಗೆ ಬಾಟಲಿ, ಸಿರಿಂಜ್, ಶುಗರ್ ಬರೆದಿಟ್ಟ ಪುಸ್ತಕ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಅತ್ತೆಯ ಡಾಕ್ಟರ ಹತ್ತಿರ ಹೋಗಿ. ಮೇಜಿನ ಮೇಲೆ ಇಟ್ಟು ತೋರಿಸಿ.

---

ಮಂಡ್ಯದ_ಮಗಳು · 9:28

ಸರಿ ಸರ್. ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗುತ್ತೇನೆ.